ಮನೆಯ ಸಾಲ, ಆಫೀಸಿನ ಜಾತಕ

ಹೆಣ್ಣು ಕೊಡುವಾಗ, ತರುವಾಗ ಜಾತಕ ನೋಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಡಿಗ್ರಿ ಸರ್ಟಿಫಿಕೇಟು, ನಡತೆಯ ಪತ್ರ ನೋಡುವುದೂ ಸರಿಯೇ. ಆದರೆ ಹತ್ತು ಹನ್ನೆರಡು ವರ್ಷ ನಿಯತ್ತಿನಿಂದ ದುಡಿದ ನೌಕರನನ್ನು ಒಂದು ದಿನ ಕರೆದು, "ನಿನ್ನ ಸಾಲದ ಜಾತಕ ತೋರಿಸು" ಎಂದರೆ ಹೇಗಿರುತ್ತದೆ? ಪ್ರಿಯ ವಾಚಕರೇ, ಇದು ತಮಾಷೆಯ ಮಾತಲ್ಲ. ಬ್ಯಾಂಕು, ಹಣಕಾಸು ಸಂಸ್ಥೆ ಮತ್ತು ಅವುಗಳ ಕೆಲಸ ಮಾಡಿಕೊಡುವ ಕಂಪೆನಿಗಳಲ್ಲಿ ಹೊಸಬರನ್ನು ಮಾತ್ರವಲ್ಲ, ಕೆಲವೆಡೆ ಇರುವ ನೌಕರರನ್ನೂ ಹೀಗೆ ಪರೀಕ್ಷಿಸುವುದುಂಟು. ಆಫೀಸಿನ ವಿಷಯ ನಮಗೇಕೆ ಎಂದು ಗೃಹಿಣಿಯರು ಪುಟ ತಿರುವದಿರಲಿ. ಸಾಲ ಹುಟ್ಟುವುದು ಆಫೀಸಿನಲ್ಲಲ್ಲ, ಮನೆಯಲ್ಲಿ.

ಈ ಜಾತಕ ಬರೆಯುವವರು ಯಾರು? 2000ದಲ್ಲಿ ನಮ್ಮ ಮುಂಬೈಯಲ್ಲೇ ಆರಂಭವಾದ ಸಿಬಿಲ್ ಇವರಲ್ಲಿ ಮೊದಲನೆಯದು. ಈಗ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಸೇರಿ ಇಂಥ ನಾಲ್ಕು ಸಂಸ್ಥೆಗಳಿವೆ. 2005ರ ಕಾಯಿದೆಯ ಪ್ರಕಾರ, ರಿಸರ್ವ್ ಬ್ಯಾಂಕಿನ ಉಸ್ತುವಾರಿಯಲ್ಲಿ ಇವು ನಡೆಯುತ್ತವೆ. ನಾವು ತೆಗೆದುಕೊಂಡ ಪ್ರತಿಯೊಂದು ಸಾಲ, ಕ್ರೆಡಿಟ್ ಕಾರ್ಡು, ತಪ್ಪಿದ ಕಂತು ಎಲ್ಲವೂ ಅಲ್ಲಿ ದಾಖಲು. ಕೊನೆಗೆ 300ರಿಂದ 900ರೊಳಗೆ ಒಂದು ಅಂಕ. ಸಾಲ ಕೊಡುವವರಿಗೆ ಅನುಕೂಲವಾಗಲೆಂದು ಹುಟ್ಟಿದ ಈ ಅಂಕ ಈಗ ಕೆಲಸ ಕೊಡುವವರ ಮೇಜಿಗೂ ಬಂದಿದೆ.

ಯಜಮಾನರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಪರರ ದುಡ್ಡು ಎಣಿಸುವವನ ಕೈ ಶುದ್ಧವಿರಬೇಕು ಎಂಬುದು ನ್ಯಾಯವೇ. 2025ರ ಜೂನ್‌ನಲ್ಲಿ ಮದರಾಸು ಹೈಕೋರ್ಟಿನ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಸ್ಟೇಟ್ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಆಯ್ಕೆಯಾದ ಅಭ್ಯರ್ಥಿಯೊಬ್ಬರ ನೇಮಕ, ಹಳೆಯ ಸಾಲದ ದಾಖಲೆ ಸರಿಯಿಲ್ಲವೆಂದು ರದ್ದಾಗಿತ್ತು. ನೇಮಕದ ಪ್ರಕಟಣೆ ಬರುವ ಮೊದಲೇ ಸಾಲ ತೀರಿಸಿದ್ದೇನೆ ಎಂದು ಅವರು ವಾದಿಸಿದರು. ಬಾಕಿ ಉಳಿಸಿಕೊಂಡ ದಾಖಲೆಯೇ ಇರಕೂಡದೆಂದು ಪ್ರಕಟಣೆಯಲ್ಲಿ ಷರತ್ತಿತ್ತು. ಸಾರ್ವಜನಿಕರ ಹಣದ ವ್ಯವಹಾರ ಮಾಡುವವರಿಗೆ ಶಿಸ್ತು ಬೇಕು ಎಂದು ಕೋರ್ಟು ಬ್ಯಾಂಕಿನ ಕ್ರಮವನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವ ಮಕ್ಕಳಿರುವ ತಾಯಂದಿರು ಇದನ್ನು ನೆನಪಿಡಬೇಕು.

ಆದರೆ ಹೊಸಬನ ಮಾತು ಬೇರೆ, ಇರುವ ನೌಕರನ ಮಾತು ಬೇರೆ. ಹೊಸಬನು ಷರತ್ತು ಓದಿ ಅರ್ಜಿ ಹಾಕುತ್ತಾನೆ. ಇರುವವನ ನಡತೆಯನ್ನು ಯಜಮಾನರು ಕಣ್ಣಾರೆ ಕಂಡಿದ್ದಾರೆ. ಅದಕ್ಕಿಂತ ಕಂಪ್ಯೂಟರಿನ ಅಂಕ ಹೆಚ್ಚೇ?

ನಮ್ಮ ಪರಿಚಯದ ಒಬ್ಬ ಗೃಹಸ್ಥರ ಸಂಗತಿ ಕೇಳಿ. ಖಾಸಗಿ ಕಂಪೆನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲದ ನೌಕರಿ. ಹೆಂಡತಿಯ ಆಪರೇಷನ್ನಿಗೆ ವಿಮೆ ಸಾಲದೆ ಕಾರ್ಡಿನಿಂದ ಹಣ ಕಟ್ಟಿದರು. ಅದೇ ವರ್ಷ ಮಗನ ಶಿಕ್ಷಣ ಸಾಲದ ಕಂತು ಶುರುವಾಯಿತು. ಮಗನಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ. ಸಾಲದ ಕಾಗದದಲ್ಲಿ ತಂದೆಯ ಸಹಿಯೂ ಇದ್ದುದರಿಂದ ತಪ್ಪಿದ ಕಂತುಗಳೆಲ್ಲ ಇವರ ಹೆಸರಿಗೂ ಅಂಟಿಕೊಂಡವು. ಕಾರ್ಡಿನವರು ಫೋನಿನಲ್ಲಿ "ಇಷ್ಟು ಕಟ್ಟಿ ಮುಗಿಸಿಬಿಡಿ" ಎಂದಾಗ ಋಣ ಹರಿಯಿತೆಂದು ಕಟ್ಟಿದರು. ದಾಖಲೆಯಲ್ಲಿ ಅದು 'ಮುಕ್ತಾಯ' ಎಂದಲ್ಲ, 'ಸೆಟಲ್ಡ್' ಎಂದು ಬಿತ್ತು. ಎಂದರೆ, ಪೂರ್ತಿ ಕೊಡಲಿಲ್ಲ ಎಂದರ್ಥ. ಬಡ್ತಿಯ ಸಮಯದಲ್ಲಿ ಕಂಪೆನಿ ಒಪ್ಪಿಗೆಯ ಕಾಗದಕ್ಕೆ ಸಹಿ ಕೇಳಿತು. ಬಡ್ತಿ ಇನ್ನೊಬ್ಬರ ಪಾಲಾಯಿತು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ಕಾಸಿಗೂ ಲೆಕ್ಕ ತಪ್ಪದ ಮನುಷ್ಯ ಈಗ ಸಹೋದ್ಯೋಗಿಗಳ ಮುಖ ನೋಡಲು ಸಂಕೋಚಪಡುತ್ತಾರೆ. 'ಸಾಲ ಶೂಲ' ಎಂಬ ಗಾದೆ ಇದೆ. ಈ ಶೂಲ ಸಾಲ ತೀರಿದ ಮೇಲೂ ಚುಚ್ಚುತ್ತದೆ.

ಹಾಗಾದರೆ ಸಾಲಗಾರ ನೌಕರನನ್ನು ಪ್ರಶ್ನಿಸಲೇಬಾರದೇ? ಪ್ರಶ್ನಿಸಲಿ, ಉತ್ತರವನ್ನೂ ಕೇಳಲಿ. ಕೇಂದ್ರ ಸರಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 17ನೆಯದು ಇದೇ ವಿಷಯದ್ದು. ನೌಕರನು ಸದಾ ಸಾಲದಲ್ಲಿ ಮುಳುಗಿರಬಾರದು, ಸಾಲಕ್ಕಾಗಿ ಕೋರ್ಟಿನಲ್ಲಿ ದಾವೆ ಬಿದ್ದರೆ ಮೇಲಧಿಕಾರಿಗೆ ತಿಳಿಸಬೇಕು ಎಂದು ಅದು ಕಟ್ಟುನಿಟ್ಟಾಗಿ ಹೇಳುತ್ತದೆ. ಜತೆಗೇ, ಈ ಸಾಲ ತನ್ನ ಕೈಮೀರಿದ ಸಂದರ್ಭದಿಂದ ಬಂದದ್ದು, ದುಂದುಗಾರಿಕೆಯಿಂದಲ್ಲ ಎಂದು ತೋರಿಸಲು ನೌಕರನಿಗೆ ಅವಕಾಶವನ್ನೂ ಇಟ್ಟಿದೆ. ಆ ಹಳೆಯ ನಿಯಮ 'ಏಕೆ' ಎಂದು ಕೇಳುತ್ತದೆ. ಈ ಹೊಸ ಅಂಕ ಕೇಳುವುದಿಲ್ಲ. ಕುದುರೆ ಜೂಜಿಗೆ ಹೋದ ಹಣವೂ ಆಸ್ಪತ್ರೆಗೆ ಹೋದ ಹಣವೂ ಅದಕ್ಕೆ ಒಂದೇ.

ನಮ್ಮ ಕರಾವಳಿಯವರು ಬ್ಯಾಂಕು ಕಟ್ಟಿದ ಬಗೆ ನೆನೆಯಿರಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆಯಾದರೂ ಸಾಕು, ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮದುವೆ ಎಂಬುದು ಅಂಥವನಿಗೆ ತಿಳಿಯದೆ ಇರುತ್ತದೆಯೇ? ಆ ಕಾಲ ಮರಳದು. ಆದರೂ ಎದುರಿಗೆ ಕುಳಿತ ನೌಕರನನ್ನು ಕೇಳಿ ತಿಳಿಯಲು ಯಜಮಾನರಿಗೆ ಅಡ್ಡಿಯೇನು?

ಅಮೆರಿಕದಲ್ಲಿ 1970ರ ಕಾಯಿದೆಯ ಪ್ರಕಾರ ಯಜಮಾನರು ಮೊದಲು ನೌಕರನ ಲಿಖಿತ ಒಪ್ಪಿಗೆ ಪಡೆಯಬೇಕು. ವರದಿಯ ಆಧಾರದಿಂದ ಅವನಿಗೆ ಪ್ರತಿಕೂಲವಾದ ಕ್ರಮ ಕೈಗೊಳ್ಳುವ ಮೊದಲು ವರದಿಯ ಪ್ರತಿ ಕೊಡಬೇಕು. ನ್ಯೂಯಾರ್ಕ್ ನಗರವಂತೂ 2015ರಲ್ಲಿ ಹೆಚ್ಚಿನ ಉದ್ಯೋಗಗಳಿಗೆ ಈ ಪರೀಕ್ಷೆಯನ್ನೇ ನಿಷೇಧಿಸಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ನಮ್ಮವರೇ ಎಂಬುದು ಅಭಿಮಾನದ ಸಂಗತಿ. ಆದರೆ ಸಂಬಳ ಕೊಡುವ ಕೈಯೇ ಕಾಗದ ಮುಂದೆ ಹಿಡಿದಾಗ "ಒಪ್ಪುವುದಿಲ್ಲ" ಎನ್ನಲು ಎಷ್ಟು ಜನರಿಗೆ ಧೈರ್ಯವಿದ್ದೀತು?

ಆದ್ದರಿಂದ ಕಾಗದ ಬರುವ ಮೊದಲೇ ನಾವು ಎಚ್ಚರವಿರೋಣ. ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಮ್ಮದನ್ನು ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ತೀರಿದ ಸಾಲ ಬಾಕಿ ಎಂದಿದ್ದರೆ, ತೆಗೆಯದ ಸಾಲ ನಮ್ಮ ಹೆಸರಿನಲ್ಲಿದ್ದರೆ ಬರಹದಲ್ಲಿ ದೂರು ಕೊಡಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆಜ್ಞೆ ಮಾಡಿದೆ. ಅಲ್ಲಿಗೂ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಸಾಲ ತೀರಿದೊಡನೆ ಬಾಕಿ ಇಲ್ಲವೆಂಬ ಪತ್ರ ಪಡೆದು ಮನೆಯ ದಸ್ತಾವೇಜಿನೊಂದಿಗೆ ಜೋಪಾನವಾಗಿಡಿ.

ಸೋದರಿಯರೇ, ಮುಖದಾಕ್ಷಿಣ್ಯಕ್ಕೆ ಜಾಮೀನು ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸಿ. ಅವರು ಕಟ್ಟದ ಕಂತು ನಿಮ್ಮ ದಾಖಲೆಗೂ ಬರುತ್ತದೆ. ಮನೆಯಲ್ಲಿ ಯಾರಿಗೆ ಎಷ್ಟು ಸಾಲ ಎಂಬುದು ಗಂಡ ಹೆಂಡಿರಿಬ್ಬರಿಗೂ ಗೊತ್ತಿರಲಿ.

ನಮ್ಮ ಸಂಘದಲ್ಲಿ ನೌಕರರಂತೆ ಯಜಮಾನರೂ ಇದ್ದಾರೆ. ಹೋಟೆಲು, ಕಾರ್ಖಾನೆ, ಕಚೇರಿ ನಡೆಸುವವರು. ಅವರಲ್ಲಿ ನನ್ನದೊಂದು ಬಿನ್ನಹ. ಅಂಕ ನೋಡಲೇಬೇಕೆಂದಿದ್ದರೆ ನೋಡಿ. ಕಡಿಮೆ ಇದ್ದರೆ ಆ ನೌಕರನನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, "ಮನೆಯಲ್ಲಿ ಏನಾಯಿತು?" ಎಂದು ಕೇಳಿ. ಉತ್ತರ ಕೇಳಿದ ಮೇಲೆ ತೀರ್ಮಾನ ಮಾಡಿ.