ಬ್ಯಾಂಕಿನ ನಿರ್ದೇಶಕ ಮಂಡಲಿ ಮತ್ತು ರೈತ

ಹುಬ್ಬಳ್ಳಿಯ ಗೋಕುಲ ರಸ್ತೆಯು ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು ಮತ್ತು ವಿಮಾನ ನಿಲ್ದಾಣಗಳ ಮಗ್ಗುಲಿನಿಂದ ಗೋಕುಲ ಗ್ರಾಮದ ಕಡೆಗೆ ಸಾಗುತ್ತದೆ. ಈ ದಾರಿಯಲ್ಲಿ ಪೇಟೆಗೆ ಬರುವ ರೈತನ ಕಣ್ಣಿಗೆ ಹಲವು ಬ್ಯಾಂಕುಗಳ ಫಲಕಗಳು ಬೀಳುತ್ತವೆ. ಅವನಿಗೆ ಎಲ್ಲವೂ ಒಂದೇ; ಸಾಲ ಕೊಟ್ಟರೆ ಒಳ್ಳೆಯ ಬ್ಯಾಂಕು, ಕೊಡದಿದ್ದರೆ ಕೆಟ್ಟದ್ದು. ಆದರೆ ಕಾನೂನಿನ ದೃಷ್ಟಿಯಲ್ಲಿ ರಾಷ್ಟ್ರೀಕೃತ ಬ್ಯಾಂಕು, ಖಾಸಗಿ ಬ್ಯಾಂಕು ಮತ್ತು ಗ್ರಾಮೀಣ ಬ್ಯಾಂಕು ಬೇರೆ ಬೇರೆ. ಅವುಗಳನ್ನು ಆಳುವ ನಿರ್ದೇಶಕ ಮಂಡಲಿಗಳ ರಚನೆ ಬೇರೆ, ಸಮಾಜದ ಬಗ್ಗೆ ಅವುಗಳಿಗಿರುವ ಹೊಣೆಯೂ ಬೇರೆ. ಯಾವ ಬ್ಯಾಂಕಿನಿಂದ ಏನನ್ನು ಕೇಳಬಹುದೆಂಬುದು ಇದನ್ನು ತಿಳಿದವನಿಗೆ ಮಾತ್ರ ಗೊತ್ತಾಗುತ್ತದೆ.

ಮಂಡಲಿಯಲ್ಲಿ ಕೃಷಿಗೆ ಜಾಗ

ಶಾಖೆಯ ವ್ಯವಸ್ಥಾಪಕರು ಸಾಲದ ಅರ್ಜಿಯನ್ನು ಪರಿಶೀಲಿಸುವರೇ ಹೊರತು ಸಾಲದ ಧೋರಣೆಯನ್ನು ಗೊತ್ತುಪಡಿಸುವವರು ಅವರಲ್ಲ. ಅದು ನಿರ್ದೇಶಕ ಮಂಡಲಿಯ ಕೆಲಸ. 1960ರ ದಶಕದಲ್ಲಿ ಬ್ಯಾಂಕುಗಳ ಮಂಡಲಿಗಳಲ್ಲಿ ದೊಡ್ಡ ಉದ್ಯಮಿಗಳೇ ತುಂಬಿದ್ದು, ಠೇವಣಿ ಹಣವು ಅವರ ಕಾರಖಾನೆಗಳಿಗೇ ಹರಿಯುತ್ತಿದೆ ಎಂಬ ದೂರು ಬಲವಾಗಿತ್ತು. ಆಗ ಬಂದದ್ದು 'ಸಾಮಾಜಿಕ ನಿಯಂತ್ರಣ'ದ ಕಾಯಿದೆ. 1968ರ ತಿದ್ದುಪಡಿಯ ಪ್ರಕಾರ ಬ್ಯಾಂಕಿಂಗ್ ಕಂಪನಿಯ ಮಂಡಲಿಯಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಲೆಕ್ಕಶಾಸ್ತ್ರ, ಕೃಷಿ, ಸಹಕಾರ, ಅರ್ಥಶಾಸ್ತ್ರ, ಕಾನೂನು ಮೊದಲಾದವುಗಳಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಉಳ್ಳವರಾಗಿರಬೇಕು. ಅವರಲ್ಲಿ ಕನಿಷ್ಠ ಇಬ್ಬರು ಕೃಷಿ ಮತ್ತು ಗ್ರಾಮೀಣ ಅರ್ಥವ್ಯವಸ್ಥೆ, ಸಹಕಾರ ಇಲ್ಲವೆ ಸಣ್ಣ ಕೈಗಾರಿಕೆಯನ್ನು ಬಲ್ಲವರಿರಬೇಕು. ಖಾಸಗಿ ಬ್ಯಾಂಕುಗಳಿಗೆ ಈ ನಿಯಮ ಇಂದಿಗೂ ಅನ್ವಯಿಸುತ್ತದೆ. ಕಾಯಿದೆಯು ಕೃಷಿ ಬಲ್ಲವನನ್ನು ಕೇಳುತ್ತದೆ, ನೇಗಿಲು ಹಿಡಿದವನನ್ನಲ್ಲ ಎಂಬುದನ್ನು ಗಮನಿಸಬೇಕು. ನಿವೃತ್ತ ಅಧಿಕಾರಿಯೂ ಆ ಕುರ್ಚಿಯಲ್ಲಿ ಕೂಡ್ರಬಹುದು.

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಅವುಗಳಲ್ಲಿದ್ದವು. ಇವುಗಳ ಮಂಡಲಿಗಳಿಗೆ ಪ್ರತ್ಯೇಕ ಕಾಯಿದೆಯಿದ್ದು, ಠೇವಣಿದಾರರು, ನೌಕರರು, ರೈತರು, ಕುಶಲಕರ್ಮಿಗಳ ಹಿತವನ್ನು ಕಾಯುವವರು ಅಲ್ಲಿರಬೇಕೆಂಬುದು ಅದರ ಮೂಲ ಆಶಯ. ಸಿಂಡಿಕೇಟ್ ಬ್ಯಾಂಕಿಗಂತೂ ಇದು ಹೊಸ ಪಾಠವಾಗಿರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಅದು 1928ರಿಂದಲೇ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡು ಆಣೆಯನ್ನೂ ಮನೆ ಬಾಗಿಲಲ್ಲಿ ಕೂಡಿಸುತ್ತಿತ್ತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಧಾರವಾಡದಿಂದ ಬಳ್ಳಾರಿಗೆ

ನಮ್ಮ ಜಿಲ್ಲೆಯ ರೈತರಿಗೆ ಹೆಚ್ಚು ಬಳಕೆಯಾದದ್ದು ಗ್ರಾಮೀಣ ಬ್ಯಾಂಕು. ಸಿಂಡಿಕೇಟ್ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ 1976ರಲ್ಲಿ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ಸ್ಥಾಪಿತವಾಯಿತು. 2005ರಲ್ಲಿ ಅದು ಬಿಜಾಪುರ, ವರದಾ ಮತ್ತು ನೇತ್ರಾವತಿ ಗ್ರಾಮೀಣ ಬ್ಯಾಂಕುಗಳೊಡನೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಆಯಿತು. ಒಂಬತ್ತು ಜಿಲ್ಲೆಗಳಿಗೆ ಹರಡಿದರೂ ಪ್ರಧಾನ ಕಚೇರಿ ಧಾರವಾಡದಲ್ಲಿಯೇ ಉಳಿದಿತ್ತು. 2025ರ ಮೇ 1ರಿಂದ 'ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕು' ಎಂಬ ನೀತಿಯಂತೆ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿವೆ. ಪ್ರಧಾನ ಕಚೇರಿ ಬಳ್ಳಾರಿಯಲ್ಲಿದೆ.

ಬ್ಯಾಂಕು ದೊಡ್ಡದಾದರೆ ಬಂಡವಾಳ ಗಟ್ಟಿಯಾಗುತ್ತದೆ, ಗಣಕಯಂತ್ರದ ಖರ್ಚು ಹಂಚಿಹೋಗುತ್ತದೆ. ಅದು ನಿಜ. ಆದರೆ ನಮ್ಮಲ್ಲಿ ಮುಂಗಾರಿನ ಮೊದಲ ಹದಕ್ಕೇ ಹೆಸರು ಬಿತ್ತಬೇಕು. ಬೆಳೆಸಾಲ ಅದಕ್ಕಿಂತ ಮುಂಚೆ ಕೈಗೆ ಬರಬೇಕು. ಮಲೆನಾಡಿನ ಅಡಿಕೆಗೂ ಬೆಳವಲದ ಹೆಸರಿಗೂ ಕಾಲ ಒಂದೇ ಅಲ್ಲ. ಇಡೀ ರಾಜ್ಯವನ್ನು ನೋಡುವ ಮಂಡಲಿಗೆ ಈ ವ್ಯತ್ಯಾಸವನ್ನು ಯಾರು ತಿಳಿಸಬೇಕು? 1976ರ ಕಾಯಿದೆಯಂತೆ ಗ್ರಾಮೀಣ ಬ್ಯಾಂಕಿನ ಬಂಡವಾಳದಲ್ಲಿ ಕೇಂದ್ರ ಸರಕಾರದ್ದು ಶೇಕಡಾ 50, ಪ್ರಾಯೋಜಕ ಬ್ಯಾಂಕಿನದು 35, ರಾಜ್ಯ ಸರಕಾರದ್ದು 15. ಮಂಡಲಿಯಲ್ಲಿ ಅಧ್ಯಕ್ಷರ ಜೊತೆಗೆ ರಿಸರ್ವ್ ಬ್ಯಾಂಕು, ನಬಾರ್ಡ್, ಪ್ರಾಯೋಜಕ ಬ್ಯಾಂಕು ಮತ್ತು ರಾಜ್ಯ ಸರಕಾರದ ಪ್ರತಿನಿಧಿಗಳಿರುತ್ತಾರೆ. ಅಧಿಕಾರಿಗಳಲ್ಲದ ಇಬ್ಬರನ್ನು ಕೇಂದ್ರ ಸರಕಾರ ನೇಮಿಸುತ್ತದೆ. ಆ ಎರಡು ಸ್ಥಾನಗಳಿಗೆ ಬೇಸಾಯದ ಅನುಭವವಿರುವವರನ್ನು ನೇಮಿಸಬೇಕೆಂದು ರೈತ ಸಂಘಗಳು ಕೇಳುವುದು ನ್ಯಾಯವಾದದ್ದೆಂದು ಈ ಲೇಖಕನ ಅಭಿಪ್ರಾಯ.

ದಾನ ಬೇರೆ, ಸಾಲ ಬೇರೆ

ಕಂಪನಿಗಳ 2013ರ ಕಾಯಿದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ನ್ನು ಸಮಾಜದ ಕೆಲಸಗಳಿಗೆ ವೆಚ್ಚ ಮಾಡಬೇಕು. ತಾವು ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಇದಕ್ಕೆ ಮಂಡಲಿಯೇ ಹೊಣೆ. ಮಂಗಳೂರಿನ ಕರ್ಣಾಟಕ ಬ್ಯಾಂಕಿನಂತಹ ಖಾಸಗಿ ಬ್ಯಾಂಕುಗಳು ಕಂಪನಿಗಳಾದ್ದರಿಂದ ಈ ಕಲಮಿಗೆ ಒಳಪಡುತ್ತವೆ. ರಾಷ್ಟ್ರೀಕೃತ ಮತ್ತು ಗ್ರಾಮೀಣ ಬ್ಯಾಂಕುಗಳು ಬೇರೆ ಕಾಯಿದೆಗಳಿಂದ ಹುಟ್ಟಿದವಾದ್ದರಿಂದ ಒಳಪಡುವುದಿಲ್ಲ. ಅವು ಸ್ವಂತ ಇಚ್ಛೆಯಿಂದ ಮಾಡುವ ಒಳ್ಳೆಯ ಕೆಲಸಗಳಿವೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರೊಡನೆ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಅಂತಹದು. ಅದರ ಶಾಖೆ ಧಾರವಾಡದಲ್ಲಿದ್ದು, ಹಳ್ಳಿಯ ಯುವಕ ಯುವತಿಯರಿಗೆ ಸ್ವಉದ್ಯೋಗ ತರಬೇತಿ ಉಚಿತವಾಗಿ ದೊರೆಯುತ್ತದೆ.

ಸರಾಸರಿ ಲಾಭ 100 ಕೋಟಿ ಇದ್ದ ಬ್ಯಾಂಕು ವರ್ಷಕ್ಕೆ 2 ಕೋಟಿ ರೂಪಾಯಿಗಳನ್ನು ಶಾಲೆ, ಕೆರೆ, ಆಸ್ಪತ್ರೆಗಳಿಗೆ ಕೊಡುತ್ತದೆ. ಫಲಕ ಹಾಕಿ ಫೋಟೋ ತೆಗೆಸುವುದು ಈ ಹಣಕ್ಕೇ. ಬ್ಯಾಂಕಿನ ಮಾಮೂಲಿ ವ್ಯವಹಾರವನ್ನು, ಎಂದರೆ ಬೆಳೆಸಾಲವನ್ನು, ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ರೈತನಿಗೆ ಸಂಬಂಧಿಸಿದ ದೊಡ್ಡ ಹೊಣೆ ಇರುವುದು ಸಾಲದ ಪುಸ್ತಕದಲ್ಲಿ. ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇಕಡಾ 40ನ್ನು ಆದ್ಯತಾ ವಲಯಕ್ಕೂ, ಅದರೊಳಗೆ ಶೇಕಡಾ 18ನ್ನು ಕೃಷಿಗೂ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ಇದರಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಶೇಕಡಾ 10 ಮೀಸಲು. ಗುರಿ ತಪ್ಪಿದ ಬ್ಯಾಂಕು ಕೊರತೆಯ ಹಣವನ್ನು ನಬಾರ್ಡಿನ ಗ್ರಾಮೀಣ ಮೂಲಸೌಕರ್ಯ ನಿಧಿಯಂತಹ ನಿಧಿಗಳಲ್ಲಿ ಕಡಿಮೆ ಬಡ್ಡಿಗೆ ಇಡಬೇಕಾಗುತ್ತದೆ. ಅದರಿಂದ ರಸ್ತೆ, ಸೇತುವೆಗಳಾಗುವುದುಂಟು; ಆದರೆ ಬೀಜಕ್ಕೆ ಹಣವಿಲ್ಲದ ರೈತನಿಗೆ ಸೇತುವೆಯಿಂದ ಆ ವರ್ಷ ಉಪಯೋಗವಿಲ್ಲ.

ರೈತರು ಮಾಡಬಹುದಾದದ್ದು

2025ರ ಜನವರಿ 1ರಿಂದ ಕೃಷಿ ಸಾಲಕ್ಕೆ 2 ಲಕ್ಷ ರೂಪಾಯಿಗಳವರೆಗೆ ಆಸ್ತಿ ಅಡವು ಕೇಳುವಂತಿಲ್ಲ. ಮೊದಲು ಈ ಮಿತಿ 1.60 ಲಕ್ಷವಿತ್ತು. ಇದನ್ನು ಶಾಖೆಯಲ್ಲಿ ಸಮಾಧಾನದಿಂದ ಹೇಳಿ, ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು, ಶುಲ್ಕವಿಲ್ಲ.

ಜಿಲ್ಲೆಯ ಸಾಲ ಯೋಜನೆಯನ್ನು ಲೀಡ್ ಬ್ಯಾಂಕು ಪ್ರತಿ ವರ್ಷ ತಯಾರಿಸುತ್ತದೆ. ತಾಲೂಕು ಮಟ್ಟದ ಬ್ಯಾಂಕರುಗಳ ಸಭೆಗೆ ವಿಸ್ತರಣಾ ಕಾರ್ಯಕರ್ತರು ಬರಿಗೈಯಲ್ಲಿ ಹೋಗಬಾರದು. ತಮ್ಮ ಹೋಬಳಿಯಲ್ಲಿ ಯಾವ ಬೆಳೆಗೆ ಯಾವ ವಾರದಲ್ಲಿ ಎಷ್ಟು ಹಣ ಬೇಕಾಗುತ್ತದೆ, ಕಳೆದ ವರ್ಷ ಅದು ಯಾವ ತಾರೀಖಿಗೆ ಬಂತು ಎಂಬ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಬರೆದುಕೊಂಡು ಒಯ್ಯಬೇಕು. ಸಭೆಯ ನಡಾವಳಿಯಲ್ಲಿ ಈ ತಾರೀಖುಗಳು ದಾಖಲಾದರೆ ಅವು ಬಳ್ಳಾರಿಗೂ ಬೆಂಗಳೂರಿಗೂ ತಲುಪಲು ಒಂದು ದಾರಿಯಾಗುತ್ತದೆ. ಪಟ್ಟಿಯನ್ನು ಮಾರ್ಚ್ ತಿಂಗಳೊಳಗೆ ಮುಗಿಸುವುದು ಮೇಲು, ಏಕೆಂದರೆ ಹೊಸ ಸಾಲ ಯೋಜನೆ ಏಪ್ರಿಲ್ 1ರಿಂದ ಜಾರಿಗೆ ಬರುತ್ತದೆ.