ನೆಲದೊಳಗಿನ ದಾರಿ

ಬೀದರ ನಗರದ ಅಂಚಿನ ನೌಬಾದಿನಲ್ಲಿ ಬಾವಿಗಳಂತೆ ಕಾಣುವ ಆಳವಾದ ಕಂಡಿಗಳು ಸಾಲಾಗಿವೆ. ಅವು ಬಿಡಿಬಿಡಿ ಬಾವಿಗಳಲ್ಲ. ಭೂಮಿಯೊಳಗೆ ಹರಿಯುವ ಒಂದೇ ಕಾಲುವೆಯ ಬಾಯಿಗಳು. ಕರೇಜ್ ಅಥವಾ ಸುರಂಗ ಬಾವಿ ಎನಿಸಿದ ಇದನ್ನು ಹದಿನೈದನೆಯ ಶತಮಾನದಲ್ಲಿ, ಬಹಮನಿ ಅರಸರ ಕಾಲದಲ್ಲಿ, ಪರ್ಶಿಯಾದ ಕ್ರಮದಂತೆ ತೋಡಿದರು. ಜಂಬಿಟ್ಟಿಗೆಯ ಪದರದಲ್ಲಿ ಇಂಗಿದ ಮಳೆನೀರು ಅದರಡಿಯ ಕರಿಗಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ಊರಿಗೆ ತರಲು ಕಂಡಿಗಳನ್ನು ಇಳಿಸಿ, ಒಂದರ ತಳದಿಂದ ಇನ್ನೊಂದರ ತಳಕ್ಕೆ ಮೆಲ್ಲನೆಯ ಇಳಿಜಾರಿನಲ್ಲಿ ಸುರಂಗ ಕೊರೆದರು. ಕಂಡಿಗಳ ಮೂಲಕವೇ ಮಣ್ಣು ಮೇಲೆ ಬಂದಿತು, ಗಾಳಿ ಬೆಳಕು ಕೆಳಗೆ ಇಳಿದವು.

ಅಂದು ನೀರಿಗಾಗಿ ತೋಡಿದಂತೆ ಇಂದು ಜನಸಂಚಾರಕ್ಕಾಗಿ ತೋಡುತ್ತಾರೆ. ಭಾಲ್ಕಿ, ಔರಾದಗಳಿಂದ ರಾಜಧಾನಿಗೆ ಹೋದವರು ಬೆಂಗಳೂರಿನ ರಸ್ತೆಗಳ ಇಕ್ಕಟ್ಟನ್ನು ಬಲ್ಲರು. ಎರಡೂ ಬದಿಗೆ ಮನೆ, ಅಂಗಡಿಗಳು ಒತ್ತಾಗಿರುವೆಡೆ ರಸ್ತೆಯನ್ನು ಅಗಲಿಸಲಾಗದು. ಆದ್ದರಿಂದ ಅಲ್ಲಿ ಮೆಟ್ರೋ ರೈಲು ನೆಲದಡಿಗೆ ಇಳಿಯಿತು. ಅದರ ಮೊದಲ ಸುರಂಗ ಮಾರ್ಗ 2016ರ ಏಪ್ರಿಲಿನಲ್ಲಿ ತೆರೆಯಿತು. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದ ಉದ್ದ ಸುಮಾರು 21 ಕಿಲೋಮೀಟರು. ಅದರಲ್ಲಿ ಸುಮಾರು 14 ಕಿಲೋಮೀಟರು ನೆಲದೊಳಗಿದೆ. ತುಂಗಾ, ಭದ್ರಾ ಮೊದಲಾದ ಹೆಸರಿನ 9 ಯಂತ್ರಗಳು 2020ರಲ್ಲಿ ಕೊರೆಯತೊಡಗಿ, 2024ರ ಅಕ್ಟೋಬರಿನಲ್ಲಿ ಕೆಲಸ ಮುಗಿಸಿದವು.

ಇಲ್ಲಿಯೂ ಮೊದಲು ದೊಡ್ಡ ಕಂಡಿಯನ್ನೇ ತೋಡಬೇಕು. ಯಂತ್ರವನ್ನು ಬಿಡಿಭಾಗಗಳಾಗಿ ಅದರೊಳಗೆ ಇಳಿಸಿ ಜೋಡಿಸುತ್ತಾರೆ. ಅದರ ಮುಂದಿನ ಚಕ್ರ ತಿರುಗುತ್ತ ಮಣ್ಣು ಕಲ್ಲುಗಳನ್ನು ಕತ್ತರಿಸುತ್ತದೆ. ಪುಡಿ ಹಿಂದಕ್ಕೆ ಸಾಗುತ್ತದೆ. ಒಡನೆಯೇ ಕಾಂಕ್ರೀಟಿನ ತುಂಡುಗಳನ್ನು ಬಳೆಯಂತೆ ಕೂಡಿಸುತ್ತಾರೆ. ಯಂತ್ರವು ಆ ಬಳೆಗೆ ಒತ್ತುಕೊಟ್ಟು ತನ್ನನ್ನು ತಾನೇ ಮುಂದಕ್ಕೆ ತಳ್ಳಿಕೊಳ್ಳುತ್ತದೆ. ಬೆಂಗಳೂರಿನ ನೆಲದಲ್ಲಿ ಗಟ್ಟಿ ಬಂಡೆಯೂ ಸಡಿಲ ಮಣ್ಣೂ ಕೂಡಿಕೊಂಡಿವೆ. ಬಂಡೆಗೆ ಚಕ್ರದ ಹಲ್ಲು ಸವೆಯುತ್ತದೆ. ಮಣ್ಣು ಕುಸಿದರೆ ಮೇಲಿನ ಮನೆಗಳಿಗೆ ಅಪಾಯ. ಆದಕಾರಣ ಗೋಡೆಗಳಿಗೆ ಮಾಪಕಗಳನ್ನು ಕೂಡಿಸಿ, ಕೂದಲೆಳೆಯಷ್ಟು ಬಿರುಕನ್ನೂ ಗಮನಿಸುತ್ತಾರೆ.

ತೋಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನೌಬಾದಿನ ಸುರಂಗ ಶತಮಾನಗಳ ಕಾಲ ಉಳಿಯಿತಾದರೂ, ಮುಂದಿನವರು ಅದನ್ನು ಮರೆತರು. ಕೆಲವು ಕಂಡಿಗಳಲ್ಲಿ ಕಸ ತುಂಬಿತು. ಕೆಲವು ಕಟ್ಟಡಗಳ ಅಡಿಯಲ್ಲಿ ಅಡಗಿದವು. ನೀರಿನ ದಾರಿ ಕಟ್ಟಿತು. ಈ ಶತಮಾನದಲ್ಲಿ ಹೂಳು ತೆಗೆದಾಗ ನೀರು ಮತ್ತೆ ಕಾಣಿಸಿಕೊಂಡಿತು. ಕಣ್ಣಿಗೆ ಕಾಣದ ದಾರಿಯನ್ನು ನೆನಪಿನಲ್ಲಿಟ್ಟು ಕಾಯುವ ಹೊಣೆ ಅದರ ಮೇಲೆ ನಡೆದಾಡುವ ನಮ್ಮದು.