ಟೈರಿನ ಪಕ್ಕೆಯಲ್ಲಿ ಬರೆದ ಭಾರದ ಲೆಕ್ಕ

ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಬಳಿ ಹಳೆಯದೊಂದು ಮಾರುತಿ ಓಮ್ನಿ ಇದೆ. ಸಂತೆಯ ದಿನ ತರಕಾರಿ ಕ್ರೇಟು ಹೇರುತ್ತಾರೆ, ಉಳಿದ ದಿನ ಮನೆಮಂದಿಯ ಓಡಾಟಕ್ಕೆ ಅದೇ ಗಾಡಿ. ಹಿಂದಿನ ಎರಡು ಟೈರುಗಳ ಬಟನ್ ಪೂರಾ ಸವೆದಿದೆ. ಅಂಗಡಿಯವರು ಆಲ್ಟೊ ಕಾರಿನ ಟೈರ್ ತೋರಿಸಿ, ‘ಸೈಜು ಒಂದೇ ಸಾರ್, ಗಾಡಿ ಮೆತ್ತಗೆ ಓಡುತ್ತೆ’ ಎಂದರಂತೆ. ಹಾಕಿಸಬಹುದೇ ಎಂದು ಕೇಳಿದ್ದಾರೆ.

ಹಾಕಿಸಬಾರದು. ಯಾಕೆಂಬುದು ಆ ಎರಡೂ ಟೈರುಗಳ ಪಕ್ಕೆಯ ಮೇಲೇ ಅಚ್ಚಾಗಿದೆ. ಅದನ್ನು ಓದಲು ಐದು ನಿಮಿಷ ಸಾಕು. ಆದರೆ ಟೈರ್ ಕೊಳ್ಳುವಾಗ ನಮ್ಮಲ್ಲಿ ಹೆಚ್ಚಿನವರು ಬ್ರ್ಯಾಂಡಿನ ಹೆಸರು ಓದುತ್ತಾರೆ, ಬೆಲೆ ಕೇಳುತ್ತಾರೆ, ಅಷ್ಟೇ.

ಆಲ್ಟೊ ಟೈರಿನ ಮೇಲೆ 145/80 ಆರ್ 12 74 ಎಂದಿದ್ದು, ಕೊನೆಗೆ ಎಸ್ ಅಥವಾ ಟಿ ಅಕ್ಷರ ಇರುತ್ತದೆ. ಓಮ್ನಿಗೆಂದು ಮಾರುವ ಟೈರಿನ ಮೇಲೆ 145 ಆರ್ 12 ಎಲ್‌ಟಿ 8 ಪಿಆರ್ 86/84 ಎಂದಿರುತ್ತದೆ. ಎರಡರ ಅಗಲವೂ 145 ಮಿಲಿಮೀಟರ್, ಎರಡೂ ರೇಡಿಯಲ್, ಎರಡೂ 12 ಇಂಚಿನ ರಿಮ್ಮಿಗೆ ಕೂರುತ್ತವೆ. ಕಾರಿನದರಲ್ಲಿ ಓರೆಗೆರೆಯ ನಂತರ ಬರುವ 80 ಎಂದರೆ ಪಕ್ಕೆಯ ಎತ್ತರ ಅಗಲದ ಶೇಕಡಾ 80. ವ್ಯಾನಿನದರಲ್ಲಿ ಆ ಸಂಖ್ಯೆಯೇ ಇಲ್ಲ. ಇಲ್ಲದಿದ್ದರೆ ಸುಮಾರು 82 ಎಂದು ತಿಳಿಯಬೇಕು. ಲೆಕ್ಕ ಹಾಕಿದರೆ ಕಾರಿನ ಟೈರಿನ ಒಟ್ಟು ವ್ಯಾಸ 537 ಮಿಲಿಮೀಟರ್, ವ್ಯಾನಿನದು 543. ಆರು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೂ ಕಾಣದು, ಸ್ಪೀಡೋಮೀಟರಿಗೂ ತಿಳಿಯದು. ಅಂಗಡಿಯವರು ‘ಸೈಜು ಒಂದೇ’ ಎಂದದ್ದು ಸುಳ್ಳಲ್ಲ.

ಇರುವ ವ್ಯತ್ಯಾಸವೆಲ್ಲ ಆ 74 ಮತ್ತು 86ರಲ್ಲಿದೆ. ಇದನ್ನು ಲೋಡ್ ಇಂಡೆಕ್ಸ್ ಎನ್ನುತ್ತಾರೆ. ಒಂದು ಟೈರ್ ಗರಿಷ್ಠ ಎಷ್ಟು ಭಾರ ಹೊರಬಲ್ಲದು ಎಂಬುದರ ಸಂಕೇತ. 74 ಎಂದರೆ 375 ಕಿಲೋ, 86 ಎಂದರೆ 530 ಕಿಲೋ. ಹಿಂದಿನ ಎರಡು ಚಕ್ರ ಸೇರಿದರೆ 750 ಕಿಲೋ ಎಲ್ಲಿ, 1,060 ಕಿಲೋ ಎಲ್ಲಿ!

74ರಿಂದ 86ಕ್ಕೆ ಏರಿದ್ದು ಹನ್ನೆರಡೇ ಅಂಕಿ, ಭಾರ ಹೆಚ್ಚಿದ್ದು ಶೇಕಡಾ 41. ಮೊದಲ ಸಲ ಈ ಪಟ್ಟಿ ನೋಡಿದವರಿಗೆ ಅಂಕಿಗಳು ಮನಸ್ಸಿಗೆ ಬಂದಂತೆ ಬರೆದವು ಅನ್ನಿಸುತ್ತದೆ. ಹಾಗಲ್ಲ, ಇದು ಚಕ್ರಬಡ್ಡಿಯಂತೆ ಬೆಳೆಯುವ ಪಟ್ಟಿ. ಸೊನ್ನೆಯ ಎದುರು 45 ಕಿಲೋ, ಅದೇ ಅಸಲು. ಒಂದೊಂದು ಅಂಕಿ ಏರಿದಾಗಲೂ ಶೇಕಡಾ ಮೂರಕ್ಕೆ ತುಸು ಕಡಿಮೆ ಬಡ್ಡಿ ಸೇರುತ್ತದೆ, ಮುಂದಿನ ಅಂಕಿಯಲ್ಲಿ ಆ ಬಡ್ಡಿಗೂ ಬಡ್ಡಿ. 24 ಅಂಕಿ ಏರಿದರೆ ಭಾರ ಇಮ್ಮಡಿ: 62 ಎಂದರೆ 265 ಕಿಲೋ, 86 ಎಂದರೆ 530. 80 ಅಂಕಿ ಏರಿದರೆ ಸರಿಯಾಗಿ ಹತ್ತು ಪಟ್ಟು: 80ಕ್ಕೆ 450 ಕಿಲೋ, 160ಕ್ಕೆ 4,500. ನಡುನಡುವೆ ಅಂಕಿಗಳನ್ನು ಅನುಕೂಲಕ್ಕೆ ತಕ್ಕಂತೆ ತುಸು ಹೆಚ್ಚುಕಮ್ಮಿ ಮಾಡಿ ದುಂಡಾಗಿಸಿದ್ದಾರೆ. ಒಳಗಿನ ಲೆಕ್ಕ ಮಾತ್ರ ಎಲ್ಲೂ ತಪ್ಪುವುದಿಲ್ಲ.

ಈ ಲೆಕ್ಕದ ಹಿಂದೆ ನನಗೆ ಬಹಳ ಪ್ರಿಯವಾದ ಒಂದು ಕಥೆಯಿದೆ. 1870ರ ದಶಕದಲ್ಲಿ ಫ್ರೆಂಚ್ ಸೈನ್ಯದಲ್ಲಿ ಶಾರ್ಲ್ ರೆನಾರ್ ಎಂಬ ಎಂಜಿನಿಯರ್ ಇದ್ದರು. ಬಲೂನುಗಳ ಹೊಣೆ ಅವರದು. ಶತ್ರುವಿನ ಚಲನವಲನ ನೋಡಲು ಸೈನಿಕರನ್ನು ಮೇಲಕ್ಕೇರಿಸುತ್ತಿದ್ದ ಆ ಬಲೂನುಗಳನ್ನು ನೆಲಕ್ಕೆ ಬಿಗಿಯಲು ಸೈನ್ಯ 425 ಬಗೆಯ ಹಗ್ಗಗಳನ್ನು ಇಟ್ಟುಕೊಂಡಿತ್ತು. ರೆನಾರ್ ಯೋಚಿಸಿದ್ದು ಹೀಗೆ: ಹಗ್ಗದ ದಪ್ಪವನ್ನು ಸಮನಾದ ಅಂತರದಲ್ಲಿ ಏರಿಸುವುದು ವ್ಯರ್ಥ, ಸಮನಾದ ಪಟ್ಟಿನಲ್ಲಿ ಏರಿಸಬೇಕು. ತೆಳು ಹಗ್ಗಕ್ಕೆ ಒಂದು ಮಿಲಿಮೀಟರ್ ದೊಡ್ಡದು, ದಪ್ಪ ಹಗ್ಗಕ್ಕೆ ಅದು ಲೆಕ್ಕಕ್ಕೇ ಇಲ್ಲ. ಹೀಗೆ ಅವರು 425 ಬಗೆಗಳನ್ನು 17ಕ್ಕೆ ಇಳಿಸಿದರು. ಇದೇ ರೆನಾರ್ 1884ರ ಆಗಸ್ಟ್‌ನಲ್ಲಿ ಆರ್ಥರ್ ಕ್ರೆಬ್ಸ್ ಜೊತೆ ‘ಲಾ ಫ್ರಾನ್ಸ್’ ಎಂಬ ವಿದ್ಯುತ್ ವಾಯುನೌಕೆಯನ್ನು ಹಾರಿಸಿ, ಹೊರಟ ಜಾಗಕ್ಕೇ ತಂದು ಇಳಿಸಿದರು. ಇತಿಹಾಸದ ಪುಸ್ತಕಗಳು ನೆನೆಯುವುದು ಆ ಹಾರಾಟವನ್ನು, ನಮ್ಮ ದಿನನಿತ್ಯದ ಬದುಕಿಗೆ ಬಂದು ಸೇರಿದ್ದು ಹಗ್ಗದ ಲೆಕ್ಕ.

ಹತ್ತು ಪಟ್ಟು ಏರಲು ಐದು ಮೆಟ್ಟಿಲಾದರೆ 10, 16, 25, 40, 63, 100 ಎಂದು ಬರುತ್ತದೆ. ಮನೆಯ ಎಂಸಿಬಿ ಪೆಟ್ಟಿಗೆ ತೆರೆದು ನೋಡಿ, ಅಲ್ಲೂ ಇವೇ ಅಂಕಿಗಳು. ಅದೇ ಏರಿಕೆಯನ್ನು 80 ಮೆಟ್ಟಿಲಿಗೆ ಹಂಚಿದರೆ ಟೈರಿನ ಲೋಡ್ ಇಂಡೆಕ್ಸ್. ಹೀಗಾಗಿ ಅಂಗಡಿಯವರು ‘ನಾಲ್ಕೈದು ಅಂಕಿ ಅಷ್ಟೇ, ಏನಾಗಲ್ಲ’ ಎಂದರೆ ಒಪ್ಪಬೇಡಿ. ಐದು ಅಂಕಿ ಇಳಿದರೆ ಟೈರಿನ ಸಾಮರ್ಥ್ಯದಲ್ಲಿ ಏಳನೆಯ ಒಂದು ಭಾಗದಷ್ಟು ಹೋಯಿತು.

ಒಂದೇ ಗಾತ್ರದ ಟೈರ್ ಇಷ್ಟು ಹೆಚ್ಚು ಹೊರುವುದು ಹೇಗೆ? ಭಾರದ ಬಹುಪಾಲನ್ನು ಹೊರುವುದು ರಬ್ಬರ್ ಅಲ್ಲ, ಒಳಗಿನ ಗಾಳಿಯ ಒತ್ತಡ. 375 ಕಿಲೋ ಹೊರಲು ಕಾರಿನ ಟೈರಿಗೆ ಸುಮಾರು 36 ಪಿಎಸ್ಐ ಗಾಳಿ ಬೇಕು, 530 ಕಿಲೋ ಹೊರಲು 8 ಪಿಆರ್ ಟೈರಿಗೆ 65 ಪಿಎಸ್ಐ. ಪಿಆರ್ ಅಂದರೆ ಪ್ಲೈ ರೇಟಿಂಗ್. ಟೈರಿನ ಒಡಲನ್ನು ಹತ್ತಿಯ ನೂಲಿನಿಂದ ನೇಯುತ್ತಿದ್ದ ಕಾಲದಲ್ಲಿ ಎಂಟು ಪ್ಲೈ ಎಂದರೆ ನಿಜವಾಗಿಯೂ ಎಂಟು ಪದರ. ಈಗ ಅದು ಬಲದ ಅಳತೆ ಮಾತ್ರ. ಪಕ್ಕೆಯಲ್ಲೇ ಸಣ್ಣ ಅಕ್ಷರದಲ್ಲಿ ಯಾವ ಪದರ ಎಷ್ಟಿದೆ ಎಂದು ಬರೆದಿರುತ್ತದೆ: ಟ್ರೆಡ್ ಕೆಳಗೆ ಇಷ್ಟು ಉಕ್ಕು, ಇಷ್ಟು ನೈಲಾನ್, ಪಕ್ಕೆಯಲ್ಲಿ ಇಷ್ಟು ಪಾಲಿಯೆಸ್ಟರ್ ಎಂದು. ಒಟ್ಟು ಎಂಟು ಸಿಗದಿದ್ದರೆ ಮೋಸ ಹೋದೆ ಎಂದುಕೊಳ್ಳಬೇಡಿ. ಒಡಲು ಗಟ್ಟಿಯಾದಷ್ಟೂ ಹೆಚ್ಚು ಗಾಳಿ ತುಂಬಬಹುದು, ಗಾಳಿ ಹೆಚ್ಚಿದಷ್ಟೂ ಹೆಚ್ಚು ಭಾರ. ಕಾರಿನ ಟೈರಿಗೆ 65 ಪಿಎಸ್ಐ ಹೊಡೆಸಿ ವ್ಯಾನಿನ ಟೈರ್ ಮಾಡುತ್ತೇನೆಂದು ಹೊರಟರೆ ಅದು ಪ್ರಾಣಕ್ಕೇ ಅಪಾಯ.

ಹಾಗಾದರೆ ಕಾರಿನ ಟೈರಿಗೆ 36 ಪಿಎಸ್ಐ ತುಂಬಿಸಿಯೇ ಚಕ್ರವೊಂದಕ್ಕೆ 420 ಕಿಲೋ ಹೇರಿದರೆ? ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಅದೇ ಮೋಸ. ಟೈರ್ ನೆಲಕ್ಕೆ ತಾಗುವ ಕಡೆ ಪಕ್ಕೆ ಅಳತೆ ಮೀರಿ ಉಬ್ಬುತ್ತದೆ, ಮೇಲೆ ಬಂದಾಗ ನೆಟ್ಟಗಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಈ ಗಾತ್ರದ ಚಕ್ರ ಸೆಕೆಂಡಿಗೆ 13 ಸುತ್ತು ಸುತ್ತುತ್ತದೆ. ಪಕ್ಕೆಯ ಒಂದೊಂದು ಅಂಗುಲವೂ ಒಂದು ಗಂಟೆಯಲ್ಲಿ ಸುಮಾರು 47 ಸಾವಿರ ಸಲ ಬಾಗಿ ನೆಟ್ಟಗಾಗುತ್ತದೆ. ಬಾಗುವಾಗ ಹೀರಿಕೊಂಡ ಶಕ್ತಿಯನ್ನೆಲ್ಲ ರಬ್ಬರ್ ವಾಪಸು ಕೊಡುವುದಿಲ್ಲ, ಒಂದಷ್ಟನ್ನು ಶಾಖವಾಗಿ ತನ್ನೊಳಗೇ ಉಳಿಸಿಕೊಳ್ಳುತ್ತದೆ. ರಬ್ಬರಿನಲ್ಲಿ ಶಾಖ ಬೇಗ ಹರಿಯದು. ಒಳಗೆ ಸೇರಿದ ಬಿಸಿ, ಉಕ್ಕಿನ ಬೆಲ್ಟನ್ನು ರಬ್ಬರಿಗೆ ಹಿಡಿದಿಟ್ಟ ಬೆಸುಗೆಯನ್ನು ಸಡಿಲಿಸುತ್ತದೆ. ಕಡೆಗೊಂದು ದಿನ ಬಿಸಿಲು, ವೇಗ, ಭಾರ ಮೂರೂ ಕೂಡಿದಾಗ ಟ್ರೆಡ್ ಕಿತ್ತು ಬರುತ್ತದೆ. ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಬರುವ ‘ಟೈರ್ ಸಿಡಿದು ವ್ಯಾನ್ ಪಲ್ಟಿ’ ಸುದ್ದಿಗಳನ್ನು ಓದುವಾಗ ಬರೀ ಬಿಸಿಲನ್ನು ದೂರಿದರೆ ಸಾಲದು. ಗಾಳಿ ಕಡಿಮೆಯಿದ್ದರೂ ಇದೇ ಕಥೆ, ಭಾರ ಹೆಚ್ಚಾದರೂ ಇದೇ ಕಥೆ.

86/84ರಲ್ಲಿ ಎರಡನೆಯ ಅಂಕಿ ಹಿಂದೆ ಜೋಡಿ ಚಕ್ರವಿರುವ ಗಾಡಿಗಳಿಗೆ. ರಸ್ತೆಯ ಇಳಿಜಾರಿನಲ್ಲಿ ಜೋಡಿಯ ಒಂದು ಟೈರ್ ಹೆಚ್ಚು ಹೊರಬೇಕಾಗುತ್ತದೆ, ನಡುವೆ ಗಾಳಿಯೂ ಸರಿಯಾಗಿ ಆಡುವುದಿಲ್ಲ. ಅದಕ್ಕೇ ತುಸು ಕಡಿಮೆ. ಓಮ್ನಿಗೆ ಇದು ಬೇಡ. ಕೊನೆಯ ಅಕ್ಷರ ವೇಗದ ಮಿತಿ: ಎನ್ ಎಂದರೆ ಗಂಟೆಗೆ 140 ಕಿಲೋಮೀಟರ್, ಎಸ್ ಎಂದರೆ 180, ಟಿ ಎಂದರೆ 190. ವ್ಯಾನಿಗೆ ಟೈರ್ ಆರಿಸುವಾಗ ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ನೋಡಲೇಬೇಕಾದ ಇನ್ನೆರಡು ಗುರುತುಗಳಿವೆ. ಒಂದು ಐಎಸ್ಐ ಮುದ್ರೆ. 2009ರ ಗುಣಮಟ್ಟ ನಿಯಂತ್ರಣ ಆದೇಶದ ನಂತರ ವಾಹನಗಳ ಟೈರುಗಳಿಗೆ ಇದು ಕಡ್ಡಾಯವಾಯಿತು. ಮುದ್ರೆಯ ನೆತ್ತಿಯ ಮೇಲಿನ ಸಂಖ್ಯೆಯನ್ನು ಬಗ್ಗಿ ಓದಿ. ಐಎಸ್ 15633 ಎಂದಿದ್ದರೆ ಅದು ಪ್ರಯಾಣಿಕರ ಕಾರಿನ ಟೈರ್. ಐಎಸ್ 15636 ಎಂದಿದ್ದರೆ ವಾಣಿಜ್ಯ ವಾಹನದ್ದು. ಅಂಗಡಿಯಲ್ಲಿ ವಾದ ಮಾಡುವ ಬದಲು ಆ ಕೊನೆಯ ಅಂಕಿಗೆ ಬೆರಳಿಟ್ಟು ತೋರಿಸಿದರೆ ಸಾಕು.

ಇನ್ನೊಂದು, ತಯಾರಾದ ವಾರ. ಉದ್ದನೆಯ ಸಂಕೇತದ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 1824 ಎಂದರೆ 2024ರ 18ನೇ ವಾರ. ಹಲವು ಟೈರುಗಳಲ್ಲಿ ಇದು ಒಂದೇ ಪಕ್ಕೆಯಲ್ಲಿರುತ್ತದೆ, ಫಿಟ್ ಮಾಡುವ ಮೊದಲೇ ಎರಡೂ ಕಡೆ ತಿರುಗಿಸಿ ನೋಡಿ. ಕಡಿಮೆ ಓಡುವ ವ್ಯಾನುಗಳಲ್ಲಿ ಬಟನ್ ಸವೆಯುವ ಮೊದಲೇ ರಬ್ಬರಿಗೆ ವಯಸ್ಸಾಗುತ್ತದೆ. ಆರು ವರ್ಷ ದಾಟಿ, ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಮೂಡಿದ್ದರೆ ಬದಲಾಯಿಸುವುದೇ ಸರಿ. ಸ್ಟೆಪ್ನಿಯ ವಯಸ್ಸನ್ನೂ ನೋಡಿ. ಟ್ರೆಡ್ಡಿನ ತೋಡಿನೊಳಗಿನ ಸಣ್ಣ ದಿಬ್ಬ 1.6 ಮಿಲಿಮೀಟರ್ ಎತ್ತರದ್ದು. ಟ್ರೆಡ್ ಅದರ ಮಟ್ಟಕ್ಕೆ ಇಳಿದರೆ ಟೈರಿನ ಆಯಸ್ಸು ಮುಗಿಯಿತು.

ಟೈರ್ ಹಾಕಿಸುವಾಗ ನೈಟ್ರೋಜನ್ ತುಂಬಿಸಿ ಎಂದು ಒತ್ತಾಯಿಸುವವರೂ ಇದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ. ಒಣ ಗಾಳಿಯಾದರೂ ನೈಟ್ರೋಜನ್ ಆದರೂ ಬಿಸಿಯಾದಾಗ ಒತ್ತಡ ಏರುವುದು ಒಂದೇ ರೀತಿ. ಓಮ್ನಿಗೆ ಆ ಖರ್ಚು ಬೇಡ. ಅದೇ ದುಡ್ಡಿಗೆ ಒಳ್ಳೆಯ ಪ್ರೆಶರ್ ಗೇಜ್ ಕೊಂಡರೆ ಹತ್ತು ಪಟ್ಟು ಉಪಯೋಗ.

ಈಗ ಓದುಗರ ಓಮ್ನಿಗೆ ಬರೋಣ. ಸಂತೆಯ ಸರಕು ಹೇರಿದ ದಿನ ಊರಿನ ವೇ ಬ್ರಿಡ್ಜ್‌ಗೆ ಹೋಗಿ, ಹಿಂದಿನ ಚಕ್ರಗಳನ್ನಷ್ಟೇ ತೂಕದ ಹಾಸಿನ ಮೇಲೆ ನಿಲ್ಲಿಸಿ ತೂಗಿಸಿ. ಬಂದದ್ದನ್ನು ಎರಡರಿಂದ ಭಾಗಿಸಿ. ಭಾರ ಎರಡೂ ಕಡೆ ಸಮನಾಗಿ ಕೂರುವುದಿಲ್ಲವಾದ್ದರಿಂದ ಹತ್ತರಲ್ಲಿ ಒಂದು ಪಾಲು ಸೇರಿಸಿ. ಉದಾಹರಣೆಗೆ 840 ಕಿಲೋ ಬಂದರೆ ಚಕ್ರಕ್ಕೆ 420, ಸೇರಿಸಿದ್ದೂ ಕೂಡಿ 462. ಆಲ್ಟೊ ಟೈರಿನ 375 ಇಲ್ಲಿ ಮೊದಲ ದಿನವೇ ಸೋತಿದೆ. ಇದೇ ಗಾತ್ರದಲ್ಲಿ 6 ಪಿಆರ್ ಟೈರ್ ಕೂಡ ಸಿಗುತ್ತದೆ, ಅದರ ಇಂಡೆಕ್ಸ್ 80, ಅಂದರೆ 450 ಕಿಲೋ. ಮನೆಮಂದಿ ಮಾತ್ರ ಓಡಾಡುವ ಗಾಡಿಗೆ, ಕಂಪನಿ ಹೇಳಿದ್ದೂ ಅದೇ ಆಗಿದ್ದರೆ, ಸಾಕು, ಸಂತೆಗೆ ಸಾಲದು. 8 ಪಿಆರ್‌ನ 530 ಸರಿಹೊಂದುತ್ತದೆ. ಖಾಲಿ ಓಡುವಾಗ ಗಾಡಿ ತುಸು ಕುಣಿಯುತ್ತದೆ, ಅದನ್ನು ತಾಳಿಕೊಳ್ಳಬೇಕು. ಹಾಗೆಂದು ಯಾವಾಗಲೂ 65 ಪಿಎಸ್ಐ ಹೊಡೆಸಬೇಡಿ, ಅದು ಪೂರ್ತಿ ಭಾರಕ್ಕೆ ಹೇಳಿದ ಒತ್ತಡ. ಗಾಡಿಯ ಕೈಪಿಡಿಯಲ್ಲಿ ಅಥವಾ ಬಾಗಿಲ ಬಳಿಯ ಪಟ್ಟಿಯಲ್ಲಿ ಖಾಲಿಗೆಷ್ಟು, ತುಂಬಿದಾಗ ಎಷ್ಟು ಎಂದು ಬರೆದಿರುತ್ತದೆ. ಅಷ್ಟನ್ನೇ, ಟೈರ್ ತಣ್ಣಗಿರುವಾಗ, ಸರಕು ಹೇರುವ ಮುಂಜಾನೆಯೇ ಹೊಡೆಸಿ. ಹಿಂದಿನ ಎರಡನ್ನೂ ಒಟ್ಟಿಗೇ ಬದಲಾಯಿಸಿ, ಎರಡೂ ಒಂದೇ ಬಗೆಯದಾಗಿರಲಿ.